ಸಮುದಾಯ ಸಹಭಾಗಿತ್ವ ಸಮಿತಿ: ಹಿತಾಸಕ್ತಿಯನ್ನು ಘೋಷಿಸಿದರಷ್ಟೇ ಸಾಕೇ?

ಪ್ರಶ್ನೆ:
ನಿವಾಸಿಗಳು, ಸ್ವಯಂಸೇವಾ ಸಂಘಗಳು ಹಾಗೂ ಸ್ಥಳೀಯ ಆಡಳಿತದ ಪ್ರತಿನಿಧಿಗಳು ಒಟ್ಟಾಗಿ ಅನುದಾನ ಹಂಚುವ ನಮ್ಮ ಸಮಿತಿಗೆ ನಡತೆಯ ನಿಯಮಾವಳಿಯನ್ನು ರೂಪಿಸುವ ಹೊಣೆ ನನಗೆ ಬಂದಿದೆ. ಅರ್ಜಿ ಸಲ್ಲಿಸಿದ ಸಂಘದಲ್ಲಿ ತಾವೇ ಪದಾಧಿಕಾರಿಯೆಂದು ಮೊದಲೇ ತಿಳಿಸಿದ ಸದಸ್ಯರು ಆ ಕುರಿತ ಚರ್ಚೆಯಲ್ಲಿ ಪಾಲ್ಗೊಳ್ಳಬಹುದೇ?

ಉತ್ತರ 1:
ಪಾಲ್ಗೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಬ್ರಿಟನ್ನಿನಲ್ಲಿ ಸಾರ್ವಜನಿಕ ಹುದ್ದೆಯಲ್ಲಿರುವವರ ನಡತೆಯನ್ನು ಪರಿಶೀಲಿಸಲು ರಚಿಸಿದ ನೋಲನ್ ಸಮಿತಿಯು 1995ರಲ್ಲಿ ಸಾರ್ವಜನಿಕ ಜೀವನಕ್ಕೆ ಏಳು ತತ್ವಗಳನ್ನು ಮುಂದಿಟ್ಟಿತು. ನಿಸ್ವಾರ್ಥತೆ, ವಸ್ತುನಿಷ್ಠತೆ, ಉತ್ತರದಾಯಿತ್ವ, ಮುಕ್ತತೆ ಅವುಗಳಲ್ಲಿ ಸೇರಿವೆ. ಘೋಷಣೆಯಿಂದ ಮುಕ್ತತೆ ಮಾತ್ರ ಈಡೇರುತ್ತದೆ, ವಸ್ತುನಿಷ್ಠತೆಯಲ್ಲ. ಸಂಬಂಧಪಟ್ಟವರು ಎದುರಿಗೇ ಕುಳಿತಿರುವಾಗ ಉಳಿದ ಸದಸ್ಯರು ದಾಕ್ಷಿಣ್ಯಕ್ಕೆ ಒಳಗಾಗಿ ಅರ್ಜಿಯ ದೋಷಗಳನ್ನು ಎತ್ತಿ ತೋರಿಸಲು ಹಿಂಜರಿಯುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಉತ್ತರ 2:
ತತ್ವವನ್ನು ಒಪ್ಪುತ್ತೇನೆ. ಆದರೆ ಚಿಕ್ಕ ಸಮುದಾಯದಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಸಂಘಕ್ಕೆ ಸೇರಿದವರೇ ಆಗಿರುವುದರಿಂದ, ಎಲ್ಲರನ್ನೂ ಹೊರಗಿಟ್ಟರೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ) ಉಳಿಯದು. ಆದ್ದರಿಂದ ಸಾಮಾನ್ಯ ಸದಸ್ಯತ್ವವನ್ನು ಹಣಕಾಸಿನ ಲಾಭ ಅಥವಾ ಪದಾಧಿಕಾರದಿಂದ ಪ್ರತ್ಯೇಕಿಸಿ: ಮೊದಲನೆಯದಕ್ಕೆ ಘೋಷಣೆ ಸಾಕು, ಎರಡನೆಯದರಲ್ಲಿ ಆ ಸದಸ್ಯರು ತಮ್ಮನ್ನು ಕೇಳಿದ ಮಾಹಿತಿಯನ್ನಷ್ಟೇ ನೀಡಿ, ಚರ್ಚೆ ಮತ್ತು ಮತದಾನಕ್ಕೆ ಮುನ್ನ ಸಭೆಯಿಂದ ಹೊರನಡೆಯಲಿ. ಅವರು ಹೊರನಡೆದದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಲೇಬೇಕು. ನಿಕಟ ಬಂಧುಗಳ ಹಿತಾಸಕ್ತಿಯನ್ನೂ ಸೇರಿಸಿ. ಹೆಚ್ಚಿನ ಕರಡುಗಳು ಎಡವುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

ಉತ್ತರ 3:
ದೂರುಗಳ ವಿಚಾರಣೆಯ ಬಗೆಯನ್ನೂ ದಯವಿಟ್ಟು ಬರೆಯಿರಿ. ಅಧ್ಯಕ್ಷರ ಮೇಲೆಯೇ ದೂರು ಬಂದಾಗ ಅದನ್ನು ಅವರೇ ವಿಚಾರಿಸುವಂತಾದರೆ ದೂರು ಕೊಡಲು ಯಾರಿಗೂ ಧೈರ್ಯ ಬರದು; ಅಂತಹ ಸಂದರ್ಭದಲ್ಲಿ ಸಮಿತಿಯ ಹೊರಗಿನ ಒಬ್ಬರು ವಿಚಾರಣೆ ನಡೆಸಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಎರಡು ಹಂತಗಳ ವಿಂಗಡಣೆಯನ್ನೂ ಬಂಧುಗಳ ವಿಷಯವನ್ನೂ ಕರಡಿಗೆ ಸೇರಿಸುತ್ತೇನೆ.