ಪ್ಲೇಟ್ ಮೇಲೆ 18 ಮಿ.ಮೀ. ಬಂದರೆ ಮೌತ್‌ವಾಶ್ ಆಯಿತಾ?

ಪ್ರಶ್ನೆ: ನಮಸ್ಕಾರ ಮೇಡಂ. ಪ್ರಾಜೆಕ್ಟ್‌ಗೆ ಸೀಬೆ ಎಲೆಯ ಸಾರವನ್ನು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೇಲೆ ಪರೀಕ್ಷೆ ಮಾಡಿದೆ. ಹುಳುಕು ಹಲ್ಲಿಗೆ ಮುಖ್ಯ ಕಾರಣ ಇದೇ ಬ್ಯಾಕ್ಟೀರಿಯಾ ಅಲ್ವಾ? ಅಗರ್ ಪ್ಲೇಟಿನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತಟ್ಟೆ) ಎಥನಾಲ್ ಸಾರದ ಸುತ್ತ 18 ಮಿ.ಮೀ., ನೀರಿನ ಸಾರದ ಸುತ್ತ 9 ಮಿ.ಮೀ. ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಜಾಗ ಬಂತು. ಎಥನಾಲ್ ಸಾರಕ್ಕೆ ಎರಡು ಪಟ್ಟು ಶಕ್ತಿ, ಮೌತ್‌ವಾಶ್‌ಗೆ ಬಳಸಬಹುದು ಅಂತ ಬರೆಯಲಾ?

ಉತ್ತರ: ಈಗಲೇ ಬೇಡ. ಬರೀ ಎಥನಾಲ್ ಹಾಕಿದ ವೆಲ್ (ಪ್ಲೇಟಿನಲ್ಲಿ ದ್ರವ ಹಾಕುವ ಸಣ್ಣ ಗುಳಿ) ಇಟ್ಟಿದ್ದಿರಾ? ಎಥನಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅದನ್ನು ಪೂರ್ತಿ ಆವಿ ಮಾಡಿ, ಉಳಿದ ಪುಡಿಯನ್ನು ಸ್ವಲ್ಪವೇ ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ. ಬರೀ ಡಿಎಂಎಸ್‌ಒಗೆ ಒಂದು ವೆಲ್, ಹೋಲಿಕೆಗೆ 0.2% ಕ್ಲೋರ್‌ಹೆಕ್ಸಿಡಿನ್‌ಗೆ (ಮೌತ್‌ವಾಶ್‌ನಲ್ಲಿ ಬಳಸುವ ಔಷಧಿ) ಇನ್ನೊಂದು ಇರಲಿ.

ಆಮೇಲೂ ಮಿಲಿಮೀಟರ್ ನೋಡಿ ಶಕ್ತಿ ಅಳೆಯಬೇಡಿ. ಸೀಬೆ ಎಲೆಯಲ್ಲಿ ಟ್ಯಾನಿನ್ ಜಾಸ್ತಿ. ದೊಡ್ಡ ಅಣುಗಳು ಅಗರ್‌ನಲ್ಲಿ ನಿಧಾನವಾಗಿ ಹರಡುತ್ತವೆ, ಹಾಗಾಗಿ ಒಳ್ಳೆಯ ಸಾರಕ್ಕೂ ಸಣ್ಣ ವಲಯ ಬರಬಹುದು. ಹೋಲಿಸಬೇಕಾದರೆ ಎಂಐಸಿ ನೋಡಿ, ಅಂದರೆ ಬೆಳವಣಿಗೆ ತಡೆಯುವ ಅತಿ ಕಡಿಮೆ ಪ್ರಮಾಣ. 96 ವೆಲ್ ಪ್ಲೇಟಿನಲ್ಲಿ ಸಾರವನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋಗಿ. ಹಸಿರು ಸಾರದಲ್ಲಿ ಕಲಕು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ರೆಸಜುರಿನ್ ಅನ್ನುವ ನೀಲಿ ಬಣ್ಣ ಹಾಕುತ್ತೇವೆ. ನೀಲಿ ಉಳಿದರೆ ಬೆಳೆದಿಲ್ಲ, ಗುಲಾಬಿಯಾದರೆ ಬೆಳೆದಿದೆ. ಒಂದು ಕಿತಾಪತಿ ಇದೆ: ಆಂಟಿಆಕ್ಸಿಡೆಂಟ್ ಜಾಸ್ತಿ ಇರುವ ಸಾರ ಕೆಲವೊಮ್ಮೆ ತಾನೇ ಅದನ್ನು ಗುಲಾಬಿ ಮಾಡಿಬಿಡುತ್ತದೆ. ಬ್ಯಾಕ್ಟೀರಿಯಾ ಇಲ್ಲದೆ ಬರೀ ಸಾರ, ರೆಸಜುರಿನ್ ಇರುವ ವೆಲ್ ಇಡದಿದ್ದರೆ ಮೋಸ ಹೋಗುತ್ತೀರಿ. ನಾನೂ ಹೋಗಿದ್ದೇನೆ.

ಪ್ರಶ್ನೆ: ಡಿಪಿಪಿಎಚ್‌ನಲ್ಲಿ (ಆಂಟಿಆಕ್ಸಿಡೆಂಟ್ ಇದ್ದಷ್ಟೂ ನೇರಳೆ ಬಣ್ಣ ಮಾಸುವ ಪರೀಕ್ಷೆ) ಇನ್ನೊಂದು ತಲೆನೋವು ಮೇಡಂ. ಸಾರ ಜಾಸ್ತಿ ಹಾಕಿದಷ್ಟೂ ಆಂಟಿಆಕ್ಸಿಡೆಂಟ್ ಶೇಕಡಾ ಇಳಿಯುತ್ತಿದೆ!

ಉತ್ತರ: ಸಾರದ ಬಣ್ಣವೋ ಕಲಕೋ ಆ ನೇರಳೆ ಅಳೆಯುವ 517 ನ್ಯಾನೊಮೀಟರ್‌ನಲ್ಲೇ ಬೆಳಕು ಹೀರುತ್ತಿರಬೇಕು. ನೀರಿನ ಸಾರ ಮೆಥನಾಲ್‌ಗೆ ಬಿದ್ದಾಗ ಒಮ್ಮೊಮ್ಮೆ ಗಸಿಯೂ ಕಟ್ಟುತ್ತದೆ. ಪ್ರತಿ ಪ್ರಮಾಣಕ್ಕೂ ಡಿಪಿಪಿಎಚ್ ಇಲ್ಲದ ಬ್ಲ್ಯಾಂಕ್ (ಬರೀ ಸಾರದ ಮಾದರಿ) ಇಟ್ಟು ಅದರ ಅಳತೆಯನ್ನು ಕಳೆಯಿರಿ. ಕತ್ತಲಲ್ಲಿ 30 ನಿಮಿಷ ಇಡುವುದು, ಆಸ್ಕಾರ್ಬಿಕ್ ಆಮ್ಲದ ಜೊತೆ ಹೋಲಿಸುವುದು ನಿಮಗೆ ಗೊತ್ತೇ ಇದೆ.

ಮೌತ್‌ವಾಶ್ ಮಾತಿಗೆ ಬಂದರೆ, ಪ್ಲೇಟಿನಲ್ಲಿ ಸಾರಕ್ಕೆ ಇಡೀ ದಿನ ಸಿಗುತ್ತದೆ. ಬಾಯಲ್ಲಿ ಸಿಗುವುದು ಅರ್ಧ-ಒಂದು ನಿಮಿಷ, ಆಮೇಲೆ ಜೊಲ್ಲು ತೊಳೆದುಹಾಕುತ್ತದೆ. ಹಲ್ಲಿನ ಮೇಲೆ ಪದರ ಕಟ್ಟಿ ಕೂತ ಬ್ಯಾಕ್ಟೀರಿಯಾ ಬಿಡಿ ಕೋಶಗಳಿಗಿಂತ ಬಹಳ ಗಟ್ಟಿ. ಈ ಪದರದ ಮೇಲಿನ ಬಯೋಫಿಲ್ಮ್ ಪರೀಕ್ಷೆ, ಒಸಡಿನ ಕೋಶಗಳಿಗೆ ಹಾನಿ ಇದೆಯಾ ಅನ್ನುವ ಪರೀಕ್ಷೆ ಎರಡೂ ಆಗದೆ ಆ ಸಾಲು ಬರೆಯಬೇಡಿ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ): ಬರೀ ಎಥನಾಲ್ ವೆಲ್ ಹಾಕಿ ನೋಡಿದೆ ಮೇಡಂ. 12 ಮಿ.ಮೀ. ಬಂತು. ಮೊದಲಿಂದ ಶುರು ಮಾಡುತ್ತಿದ್ದೇನೆ.