ಯಾವ ಆಂಟೆನಾ ತಗೊಳ್ಳಲಿ? ಉಚಿತ ಟಿವಿ ಹಿಡಿದವರ ಅನುಭವ ಬೇಕು

ಕೇಳಿದವರು:

ತಿಂಗಳ ಚಂದಾ ಕಟ್ಟಿ ಸಾಕಾಗಿದೆ. ಟವರ್‌ನಿಂದ ನೇರವಾಗಿ ಬರೋ ಉಚಿತ ಚಾನೆಲ್‌ಗಳೇ ಸಾಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಟವರ್ ನಮ್ಮಿಂದ ಸುಮಾರು 40 ಕಿಲೋಮೀಟರ್. ಎರಡು ಅಂತಸ್ತಿನ ಮನೆ, ತಾರಸಿ ಖಾಲಿ ಇದೆ, ಟಿವಿ ಎರಡು. ಕಾಗದದಷ್ಟು ತೆಳ್ಳಗಿನ ಆಂಟೆನಾದ ಡಬ್ಬದ ಮೇಲೆ "300 ಕಿ.ಮೀ., 4ಕೆ" ಅಂತ ಇದೆ. ಉದ್ದುದ್ದ ಕಡ್ಡಿಗಳಿರೋ ದೊಡ್ಡ ಆಂಟೆನಾದವರು ಅಷ್ಟೆಲ್ಲ ಹೇಳ್ಕೊಂಡಿಲ್ಲ. ಯಾವುದನ್ನ ನಂಬೋದು? ಜೊತೆಗೆ ಆಂಪ್ಲಿಫಯರ್ ಬೇಕೇಬೇಕಾ? ಬಳಸಿದವರು ಹೇಳಿ.

ತಾರಸಿ ಆಂಟೆನಾ ಇರುವವರು:

ಮೊದಲು ಆ ಡಬ್ಬದ ಕಿಲೋಮೀಟರ್ ಲೆಕ್ಕ ಬಿಟ್ಟಾಕಿ. ಸಿಗ್ನಲ್ ಎಷ್ಟು ದೂರದಿಂದ ಸಿಗುತ್ತೆ ಅನ್ನೋದು ಟವರ್ ಎಷ್ಟು ಎತ್ತರ, ನೀವೆಷ್ಟು ಎತ್ತರ, ನಡುವೆ ಏನು ಅಡ್ಡ ಇದೆ ಅನ್ನೋದರ ಮೇಲೆ ನಿಂತಿದೆ. ಟಿವಿ ತರಂಗ ಹೆಚ್ಚುಕಡಿಮೆ ನೇರಕ್ಕೇ ಹೋಗುತ್ತೆ, ಭೂಮಿ ದುಂಡಗಿದೆ. ಎತ್ತರವನ್ನ ಮೀಟರ್‌ನಲ್ಲಿ ತಗೊಂಡು ಅದರ ವರ್ಗಮೂಲವನ್ನ 4.12ರಿಂದ ಗುಣಿಸಿ, ಅಷ್ಟು ಕಿಲೋಮೀಟರ್‌ಗೆ ರೇಡಿಯೊ ದಿಗಂತ ಮುಗೀತು. 300 ಮೀಟರ್ ಎತ್ತರದ ಟವರ್ ಇದ್ದರೆ ಅದರ ಪಾಲು ಸುಮಾರು 71, ನೆಲದಿಂದ 9 ಮೀಟರ್ ಮೇಲಿರೋ ನಿಮ್ಮ ಆಂಟೆನಾ ಪಾಲು 12. ಎರಡೂ ಕೂಡಿದರೆ 83, 84. ಅದೂ ನಡುವೆ ಗುಡ್ಡ ಇಲ್ಲದ ಬಯಲಿದ್ದರೆ. ಹಾಗಿರುವಾಗ 300 ಎಲ್ಲಿಂದ ಬಂತು ಅಂತ ಡಬ್ಬ ಅಚ್ಚು ಹಾಕಿಸಿದವರನ್ನೇ ಕೇಳಬೇಕು. ಅಪರೂಪಕ್ಕೆ, ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತ ದಿನ, ತರಂಗ ಬಾಗಿ ದೂರದೂರದ ಚಾನೆಲ್ ತಂದುಕೊಡೋದುಂಟು. ಮಾರನೇ ದಿನ ಹುಡುಕಿದರೆ ಇರಲ್ಲ.

"4ಕೆ", "ಎಚ್‌ಡಿ", "ಡಿಜಿಟಲ್" ಆಂಟೆನಾ ಅನ್ನೋದೂ ಇದೇ ಜಾತಿ. ಆಂಟೆನಾ ಅಂದರೆ ಲೋಹ. ಅದಕ್ಕೆ ಚಿತ್ರ ಎಷ್ಟು ಸ್ಪಷ್ಟ ಅಂತ ಗೊತ್ತಾಗಲ್ಲ, ಡಿಜಿಟಲ್ಲೋ ಅನಲಾಗೋ ಅಂತಲೂ ಗೊತ್ತಾಗಲ್ಲ. ಅದು ನೋಡಬೇಕಾದ್ದು ಟಿವಿಯ ಟ್ಯೂನರ್‌ನಲ್ಲಿ, ಅಂದರೆ ಸಿಗ್ನಲ್ಲನ್ನ ಚಾನೆಲ್ ಆಗಿ ಬಿಡಿಸೋ ಭಾಗದಲ್ಲಿ. ಪ್ರಸಾರದ ಪದ್ಧತಿ ಕೆಲವು ದೇಶಗಳಲ್ಲಿ ಎಟಿಎಸ್‌ಸಿ, ಕೆಲವು ಕಡೆ ಡಿವಿಬಿ-ಟಿ2, ಇನ್ನು ಕೆಲವು ಕಡೆ ಐಎಸ್‌ಡಿಬಿ-ಟಿ. ನಿಮ್ಮಲ್ಲಿ ಯಾವುದು ಪ್ರಸಾರ ಆಗುತ್ತೋ ಅದನ್ನ ಹಿಡಿಯೋ ಟ್ಯೂನರ್ ಟಿವಿಯಲ್ಲಿ ಇಲ್ಲದಿದ್ದರೆ ಎಂಥ ಆಂಟೆನಾ ತಂದರೂ ಪರದೆ ಕಪ್ಪು.

ಕೊಳ್ಳೋ ಮುಂಚೆ ತಿಳ್ಕೊಳ್ಳಬೇಕಾದ್ದು ಎರಡೇ: ಟವರ್ ಯಾವ ದಿಕ್ಕಿಗಿದೆ, ಚಾನೆಲ್‌ಗಳು ವಿಎಚ್‌ಎಫ್‌ನಲ್ಲಿ (ಕಮ್ಮಿ ಫ್ರೀಕ್ವೆನ್ಸಿಯ ಬ್ಯಾಂಡ್) ಬರ್ತಿವೆಯೋ ಯುಎಚ್‌ಎಫ್‌ನಲ್ಲೋ (ಹೆಚ್ಚು ಫ್ರೀಕ್ವೆನ್ಸಿಯದು). ಎರಡನೆಯದನ್ನ ಬಹಳ ಜನ ಕೇಳೋದೇ ಇಲ್ಲ. 200 ಮೆಗಾಹರ್ಟ್ಸ್ ಆಸುಪಾಸಿನ ವಿಎಚ್‌ಎಫ್ ತರಂಗ ಒಂದೂವರೆ ಮೀಟರ್ ಉದ್ದ, ಅದರ ಅರ್ಧ ಅಂದರೆ 75 ಸೆಂಟಿಮೀಟರ್ ಅಗಲದ ಕಡ್ಡಿ ಇದ್ದರೆ ಸರಿಯಾಗಿ ಹಿಡಿಯುತ್ತೆ. 600 ಮೆಗಾಹರ್ಟ್ಸ್ ಯುಎಚ್‌ಎಫ್‌ಗೆ 25 ಸೆಂಟಿಮೀಟರ್ ಸಾಕು. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ವಿಎಚ್‌ಎಫ್‌ನಲ್ಲಿ ಏದುಸಿರು ಬಿಡೋದು ಇದಕ್ಕೇ. "ಎಲ್ಲ ಬಂತು, ಅದೊಂದು ಚಾನೆಲ್ ಮಾತ್ರ ಇಲ್ಲ" ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳೋದು ಅದು ವಿಎಚ್‌ಎಫ್‌ನದಾ ಅಂತ. ಪರದೆ ಮೇಲೆ ಕಾಣೋ ಚಾನೆಲ್ ನಂಬರ್ ನೋಡಿ ಇದನ್ನ ಹೇಳೋಕಾಗಲ್ಲ. ಎಟಿಎಸ್‌ಸಿ ಇರೋ ಕಡೆ 7 ಅಂತ ತೋರಿಸೋ ಚಾನೆಲ್ ನಿಜದಲ್ಲಿ ಯುಎಚ್‌ಎಫ್‌ನಲ್ಲಿ ಎಲ್ಲೋ ಇರಬಹುದು. ಪ್ರಸಾರದ ಅಸಲಿ ಫ್ರೀಕ್ವೆನ್ಸಿ ನೋಡಿ.

ಬಾಡಿಗೆ ಫ್ಲ್ಯಾಟ್‌ನವರು:

ನಮಗೆ ತಾರಸಿ ಹತ್ತೋ ಭಾಗ್ಯ ಇಲ್ಲ. ಹಾಗಾಗಿ ಒಳಗಿನ ಹಾಳೆ ಆಂಟೆನಾ ಪರವಾಗಿ ನಾಲ್ಕು ಮಾತು. ಟವರ್ ಹತ್ತಿರ ಇದ್ದು, ಆ ದಿಕ್ಕಿಗೇ ಕಿಟಕಿ ಇದ್ದರೆ ಅದು ಕೆಲಸ ಮಾಡುತ್ತೆ. ಆದರೆ ಟಿವಿ ಬೆನ್ನಿಗೆ ನೇತುಹಾಕಬೇಡಿ. ಟಿವಿ ಅಂದರೆ ಒಳಗೆಲ್ಲ ಲೋಹದ ಹಾಳೆ, ಜೊತೆಗೆ ಅದರ ಪವರ್ ಸಪ್ಲೈನ ಗದ್ದಲ ಬೇರೆ.

ನಾನು ಮಾಡೋದು ಹೀಗೆ. ಟಿವಿ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ತೋರಿಸೋ ಪಟ್ಟಿ ತೆರೆದು, ಅತಿ ದುರ್ಬಲ ಚಾನೆಲ್ ಹಾಕಿ, ಇನ್ನೊಬ್ಬರನ್ನ ಟಿವಿ ಮುಂದೆ ಕೂರಿಸ್ತೀನಿ. ಆಂಟೆನಾ ಹಿಡ್ಕೊಂಡು ಕಿಟಕಿ ಉದ್ದಕ್ಕೂ ಒಂದೊಂದು ಗೇಣು ಸರೀತೀನಿ, ಪ್ರತಿ ಸಲ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಬಂದು ಕಾಯ್ತೀನಿ. ಯಾಕಂದ್ರೆ ಮನುಷ್ಯರ ಮೈ ಕೂಡ ಸಿಗ್ನಲ್‌ಗೆ ಅಡ್ಡ, ಮತ್ತೆ ಟಿವಿಗೆ ಅಂಕಿ ಬದಲಾಯಿಸೋಕೆ ಒಂದೆರಡು ಸೆಕೆಂಡ್ ಬೇಕು. "30… 30… 65! ಅಲ್ಲೇ ಇರು!" ಅಂತ ಕೂಗು ಬರುತ್ತೆ. ಒಂದು ಗೇಣಿಗೆ ಅಷ್ಟು ವ್ಯತ್ಯಾಸ. ಗೋಡೆ, ಬೀರು, ಗ್ರಿಲ್‌ಗಳಿಗೆ ತಾಗಿ ವಾಪಸ್ ಬರೋ ತರಂಗಗಳು ಒಂದು ಕಡೆ ಕೂಡಿಕೊಳ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಹಾಕ್ತವೆ. ನೋಡಬೇಕಾದ್ದು "ಸ್ಟ್ರೆಂತ್" ಅಲ್ಲ, "ಕ್ವಾಲಿಟಿ". ಸ್ಟ್ರೆಂತ್ 90 ಇದ್ದು ಕ್ವಾಲಿಟಿ 20 ಇದ್ದರೆ ಚಿತ್ರ ಚೌಕಚೌಕ ಒಡೆಯುತ್ತೆ.

ಬಿಸಿಲು ತಡೆಯೋಕೆ ಲೋಹದ ತೆಳು ಲೇಪನ ಇರೋ ಗಾಜು ಇದ್ದರೆ ಆ ಕಿಟಕಿ ಲೆಕ್ಕಕ್ಕಿಲ್ಲ. ಗಾಜು ತೆರೆದಾಗ ಬರುತ್ತೆ, ಮುಚ್ಚಿದಾಗ ಹೋಗುತ್ತೆ ಅಂದರೆ ಅದೇ ಕಾರಣ. ಎಲ್‌ಇಡಿ ಬಲ್ಬ್ ಹಾಕಿದ ತಕ್ಷಣ ಒಂದೇ ಒಂದು ಚಾನೆಲ್ ಒಡೆಯೋದೂ ನೋಡಿದ್ದೀನಿ. ವಿಎಚ್‌ಎಫ್ ಚಾನೆಲ್‌ಗಳಿಗೆ ಆ ಕಾಟ ಜಾಸ್ತಿ.

ಇಷ್ಟೆಲ್ಲ ಹೇಳಿದ ಮೇಲೂ, ಖಾಲಿ ತಾರಸಿ ಇಟ್ಕೊಂಡು, 40 ಕಿಲೋಮೀಟರ್ ದೂರ ಇದ್ಕೊಂಡು ಹಾಳೆ ತಗೊಳ್ತೀರಾ? ನಾನಾಗಿದ್ದರೆ ತಗೊಳ್ಳಲ್ಲ.

ಆಂಟೆನಾ ಕೂರಿಸುವ ಕೆಲಸದವರು:

ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ನಾನು ಆಂಟೆನಾ ಜಾತಿ, ಆಂಪ್ಲಿಫಯರ್, ಕೇಬಲ್ ಬಗ್ಗೆ ಹೇಳ್ತೀನಿ.

ಒಂದೇ ದಿಕ್ಕು, ದೂರದ ಟವರ್, ಕೆಲವೇ ಫ್ರೀಕ್ವೆನ್ಸಿ ಅಂದರೆ ಯಾಗಿ ಒಳ್ಳೆಯದು. ಜಪಾನಿನ ಉಡಾ ಮತ್ತು ಯಾಗಿ 1926ರ ಹೊತ್ತಿಗೆ ರೂಪಿಸಿದ ವಿನ್ಯಾಸ, ಇವತ್ತಿಗೂ ಅದೇ. ಮುಂದಿನ ಚಿಕ್ಕ ಕಡ್ಡಿಗಳು ತರಂಗವನ್ನ ಒಳಗೆಳೆಯುತ್ತವೆ, ಹಿಂದಿನ ಉದ್ದ ಕಡ್ಡಿ ವಾಪಸ್ ತಳ್ಳುತ್ತೆ. ಆದರೆ ಕಡ್ಡಿ ಹೆಚ್ಚಿದಷ್ಟೂ ಅದು ನೋಡೋ ಕೋನ ಕಿರಿದಾಗುತ್ತೆ, ಗುರಿ ಸ್ವಲ್ಪ ತಪ್ಪಿದರೂ ಸಿಗ್ನಲ್ ಬೀಳುತ್ತೆ. ಲಾಗ್-ಪೀರಿಯಾಡಿಕ್ ಅಂತ ಇನ್ನೊಂದಿದೆ, ಕಡ್ಡಿಗಳು ಹಿಂದಿನಿಂದ ಮುಂದಕ್ಕೆ ಕ್ರಮವಾಗಿ ಚಿಕ್ಕದಾಗ್ತಾ ಬರ್ತವೆ. ಬಲ ಯಾಗಿಗಿಂತ ಸ್ವಲ್ಪ ಕಮ್ಮಿ, ಆದರೆ ಪೂರ್ತಿ ಬ್ಯಾಂಡನ್ನ ಸಮವಾಗಿ ಹಿಡಿಯುತ್ತೆ. ಹಿಂದೆ ಜಾಲರಿ, ಮುಂದೆ ಚಿಟ್ಟೆರೆಕ್ಕೆ ಕಡ್ಡಿಗಳಿರೋ ಪ್ಯಾನೆಲ್ ಆಂಟೆನಾ ಯುಎಚ್‌ಎಫ್‌ಗೆ ಬಹಳ ಚೆನ್ನ. ಟವರ್‌ಗಳು ಅಕ್ಕಪಕ್ಕದ ದಿಕ್ಕಿನಲ್ಲಿ ಚದುರಿದ್ದರೆ ನಾನು ಅದನ್ನೇ ಹಾಕೋದು. ನಿಮ್ಮ 40 ಕಿಲೋಮೀಟರ್‌ಗೆ, ತಾರಸಿ ಮೇಲೆ, ಮಧ್ಯಮ ಗಾತ್ರದ ಲಾಗ್-ಪೀರಿಯಾಡಿಕ್ ಸಾಕು. ವಿಎಚ್‌ಎಫ್ ಚಾನೆಲ್ ಇದ್ದರೆ ಅದಕ್ಕೆ ಬೇಕಾದ ಉದ್ದ ಕಡ್ಡಿಗಳೂ ಸೇರಿರೋದನ್ನ ತಗೊಳ್ಳಿ.

ಆಂಪ್ಲಿಫಯರ್ ಬೇಕೇಬೇಕಾ ಅಂದ್ರಲ್ಲ. ಮೊದಲು ಇಲ್ಲದೆಯೇ ನೋಡಿ. ಜನ ತಿಳ್ಕೊಂಡಿರೋದು ಏನಂದ್ರೆ ಅದು ದೂರದ ಸಿಗ್ನಲ್ಲನ್ನ ಎಳ್ಕೊಂಡು ಬರುತ್ತೆ ಅಂತ. ಇಲ್ಲ. ಆಂಟೆನಾಗೆ ಬಿದ್ದಿದ್ದನ್ನ ಮಾತ್ರ ದೊಡ್ಡದು ಮಾಡುತ್ತೆ. ಸಂತೆಯಲ್ಲಿ ಪಿಸುಗುಟ್ಟಿದ ಮಾತನ್ನ ಮೈಕ್‌ಗೆ ಹಾಕಿದರೆ ಸಂತೆಯೂ ಅಷ್ಟೇ ಜೋರಾಗುತ್ತೆ, ಹಾಗೆ. ಅದರ ಅಸಲಿ ಕೆಲಸ ಕೇಬಲ್‌ನಲ್ಲಿ, ಸ್ಪ್ಲಿಟರ್‌ನಲ್ಲಿ ಆಗೋ ನಷ್ಟ ತುಂಬೋದು. ಲೆಕ್ಕ ನೋಡಿ: ಟಿವಿಗೆ ಹಾಕೋ ಮಾಮೂಲಿ ಆರ್‌ಜಿ-6 ಕೇಬಲ್ 30 ಮೀಟರ್ ಎಳೆದರೆ 600 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಡೆಸಿಬೆಲ್ (ಸಿಗ್ನಲ್ ಏರಿಳಿತದ ಅಳತೆ) ಹೋಯ್ತು. ಎರಡು ಟಿವಿಗೆ ಹಂಚೋ ಸ್ಪ್ಲಿಟರ್‌ನಲ್ಲಿ ಇನ್ನೊಂದು ಮೂರೂವರೆ. ಒಟ್ಟು ಎಂಟೂವರೆ, ಅಂದರೆ ಮೇಲೆ ಸಿಕ್ಕಿದ್ದರ ಏಳನೇ ಒಂದು ಭಾಗ ಮಾತ್ರ ಪ್ರತಿ ಟಿವಿಗೆ ತಲುಪುತ್ತೆ. ಮೇಲೆ ಸಿಗ್ನಲ್ ಧಾರಾಳವಾಗಿದ್ದರೆ ಅಷ್ಟೂ ಸಾಲುತ್ತೆ. ಸಾಲದಿದ್ದರೆ ಆಂಪ್ಲಿಫಯರನ್ನ ಕಂಬದ ಮೇಲೆ, ಆಂಟೆನಾ ಬುಡದಲ್ಲೇ ಹಾಕಬೇಕು. ಟಿವಿ ಹಿಂದೆ ಹಾಕಿದರೆ ನಷ್ಟ ಆದ ಮೇಲೆ ಉಳಿದಿದ್ದನ್ನ ಗದ್ದಲದ ಸಮೇತ ದೊಡ್ಡದು ಮಾಡಿದ ಹಾಗೆ.

ಕಂಬದ ಆಂಪ್ಲಿಫಯರ್‌ಗೆ ಕರೆಂಟು ಅದೇ ಕೇಬಲ್‌ನಲ್ಲಿ ಮೇಲೆ ಹೋಗುತ್ತೆ. ನಡುವೆ ಮಾಮೂಲಿ ಸ್ಪ್ಲಿಟರ್ ಇದ್ದರೆ ಅಲ್ಲೇ ನಿಂತುಬಿಡಬಹುದು. ಆಂಪ್ಲಿಫಯರ್ ಹಾಕಿದ ಮೇಲೆ ಇದ್ದ ಚಾನೆಲ್ಲೂ ಹೋಯ್ತು ಅಂತ ಕರೆಸ್ಕೊಳ್ಳೋ ಮನೆಗಳಲ್ಲಿ ನಾನು ಮೊದಲು ನೋಡೋದು ಇದನ್ನ. ಇನ್ನೊಂದು ಕಾರಣ ಅಂದರೆ ಹತ್ತಿರದಲ್ಲಿ ಬಲವಾದ ಟವರ್ ಇರೋದು. ಆಂಪ್ಲಿಫಯರ್ ಉಸಿರುಗಟ್ಟಿ ಎಲ್ಲವನ್ನೂ ಕಲಸಿಹಾಕುತ್ತೆ. ಮೊಬೈಲ್ ಟವರ್ ಪಕ್ಕದಲ್ಲಿದ್ದರೂ ಹಾಗೇ, ಯಾಕಂದ್ರೆ ಹಿಂದೆ ಟಿವಿಗಿದ್ದ 700, 800 ಮೆಗಾಹರ್ಟ್ಸ್ ಜಾಗ ಅನೇಕ ದೇಶಗಳಲ್ಲಿ ಈಗ ಮೊಬೈಲ್‌ನವರ ಪಾಲಾಗಿದೆ. ಅದಕ್ಕೆ ಒಂದು ಚಿಕ್ಕ ಫಿಲ್ಟರ್ ಸಿಗುತ್ತೆ, ಆಂಪ್ಲಿಫಯರ್‌ಗಿಂತ ಮುಂಚೆ ಹಾಕಬೇಕು.

ಕೇಬಲ್ ತುದಿಗೆ ಕನೆಕ್ಟರ್ ಹಾಕುವಾಗ ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಕಥೆ ಮುಗೀತು. ಎಳೆಗಳನ್ನ ಪೂರ್ತಿ ಹಿಂದಕ್ಕೆ ಮಡಚಿ, ನಡುವಿನ ತಂತಿ ಸುತ್ತಲಿನ ಬಿಳಿ ಭಾಗ ಕನೆಕ್ಟರ್ ಒಳಗಿನ ತಳಕ್ಕೆ ಸಮ ಬಂತಾ ಅಂತ ಬೆಳಕಿಗೆ ಹಿಡಿದು ನೋಡಿ. ಹೊರಗಿನ ಕನೆಕ್ಟರ್‌ಗೆ ರಬ್ಬರ್ ಟೊಪ್ಪಿ ಇಲ್ಲವೇ ಮಳೆಗೆ ತಡೆಯೋ ಟೇಪು. ಗೋಡೆಯೊಳಗೆ ಹೋಗೋ ಮುಂಚೆ ಕೇಬಲ್ ಒಂದು ಸಲ ಕೆಳಕ್ಕೆ ಜೋತುಬಿದ್ದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಒಳಗೆ ನೀರು ಕುಡಿದ ಕೇಬಲ್ ಹೊರಗಿನಿಂದ ಹೊಸದರ ಹಾಗೇ ಕಾಣುತ್ತೆ. "ಮಳೆಗಾಲ ಮುಗಿದ ಮೇಲೂ ಸರಿಹೋಗಲಿಲ್ಲ" ಅನ್ನೋರಿಗೆ ಆಂಟೆನಾ ಬದಲಿಸೋ ಮುಂಚೆ ಕೇಬಲ್ ಬದಲಿಸಿ ಅಂತೀನಿ.

ಗುಡ್ಡದ ಮರೆಯಲ್ಲಿರುವವರು:

ನಮ್ಮ ಮನೆ ಟವರ್‌ಗೆ ಕಾಣೋದೇ ಇಲ್ಲ, ನಡುವೆ ಗುಡ್ಡ. ಆದರೂ ಬರುತ್ತೆ, ಗುಡ್ಡದ ನೆತ್ತಿ ಮೇಲಿಂದ ತರಂಗ ಸ್ವಲ್ಪ ಬಾಗಿ ಇಳಿಯುತ್ತೆ. ಆಂಟೆನಾ ದೊಡ್ಡದು ಮಾಡಿದಾಗ ಸಿಕ್ಕಿದ್ದಕ್ಕಿಂತ ಜಾಸ್ತಿ, ಇದ್ದಿದ್ದನ್ನೇ ತಾರಸಿಯ ಇನ್ನೊಂದು ಮೂಲೆಗೆ ಸರಿಸಿದಾಗ ಸಿಕ್ಕಿತು. ಕಂಬ ಶಾಶ್ವತವಾಗಿ ನೆಡೋ ಮುಂಚೆ ಕೈಯಲ್ಲಿ ಹಿಡ್ಕೊಂಡು ತಾರಸಿ ಪೂರ್ತಿ ಒಂದು ಸುತ್ತು ಹಾಕಿ. ಮರ ಇರೋ ಕಡೆ ಬೇಡ. ಎಲೆ ಒದ್ದೆಯಾದರೆ ಯುಎಚ್‌ಎಫ್ ಇನ್ನಷ್ಟು ಕುಗ್ಗುತ್ತೆ.

ಇನ್ನೊಬ್ಬರು:

ಒಂದೇ ಮಾತು. ಕೆಲವು ಟವರ್‌ಗಳು, ಅದರಲ್ಲೂ ಚಿಕ್ಕ ಮರುಪ್ರಸಾರ ಟವರ್‌ಗಳು, ಲಂಬವಾಗಿ ಪ್ರಸಾರ ಮಾಡ್ತವೆ. ಆಗ ಕಡ್ಡಿಗಳು ಅಡ್ಡಡ್ಡ ಅಲ್ಲ, ಮೇಲೆ-ಕೆಳಗೆ ನಿಲ್ಲಬೇಕು. ತಿರುವುಮುರುವಾದರೆ 20 ಡೆಸಿಬೆಲ್‌ವರೆಗೂ ಹೋಗಬಹುದು. ಅಕ್ಕಪಕ್ಕದ ತಾರಸಿಗಳ ಹಳೇ ಆಂಟೆನಾಗಳು ಹೇಗೆ ನಿಂತಿವೆ, ಎತ್ತ ಮುಖ ಮಾಡಿವೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ವಿಚಾರಿಸಿದೆ: ನಮ್ಮ ಟವರ್ ಒಂದೇ, ಒಂದು ಚಾನೆಲ್ ಬಿಟ್ಟು ಉಳಿದಿದ್ದೆಲ್ಲ ಯುಎಚ್‌ಎಫ್. ಆ ಒಂದಕ್ಕೋಸ್ಕರ ವಿಎಚ್‌ಎಫ್ ಕಡ್ಡಿ ಇರೋ ದೊಡ್ಡದು ಬೇಕಾ? ಮತ್ತೆ ತಾರಸಿ ಮೇಲೆ ಲೋಹದ ಕಂಬ ಅಂದರೆ ಮನೆಯಲ್ಲಿ ಸಿಡಿಲಿನ ಭಯ.

ಆಂಟೆನಾ ಕೂರಿಸುವ ಕೆಲಸದವರು:

ಆ ಒಂದು ಚಾನೆಲ್ ಮನೆಯವರು ದಿನಾ ನೋಡೋದಾದರೆ ಬೇಕು. ಇಲ್ಲದಿದ್ದರೆ ಯುಎಚ್‌ಎಫ್‌ನದೇ ತಗೊಳ್ಳಿ, ಹಗುರ, ಗಾಳಿಗೂ ತಡೆಯುತ್ತೆ. ಮುಂದೆ ಬೇಕೆನಿಸಿದರೆ ಚಿಕ್ಕ ವಿಎಚ್‌ಎಫ್ ಆಂಟೆನಾ ಒಂದನ್ನ ಅದೇ ಕಂಬಕ್ಕೆ ಸೇರಿಸಬಹುದು. ಆದರೆ ಎರಡನ್ನೂ ಸ್ಪ್ಲಿಟರ್ ತಿರುಗಿಸಿಟ್ಟು ಕೂಡಿಸಬೇಡಿ, ಮತ್ತೆ ಮೂರೂವರೆ ಡೆಸಿಬೆಲ್ ಹೋಗುತ್ತೆ. ವಿಎಚ್‌ಎಫ್-ಯುಎಚ್‌ಎಫ್ ಕಂಬೈನರ್ ಅಂತಲೇ ಕೇಳಿ, ಅದರಲ್ಲಿ ನಷ್ಟ ತೀರಾ ಕಮ್ಮಿ.

ಸಿಡಿಲಿಗೆ: ಕಂಬದಿಂದ ದಪ್ಪ ತಾಮ್ರದ ತಂತಿ ಆದಷ್ಟು ನೇರವಾಗಿ ಕೆಳಗಿಳಿದು ಅರ್ತಿಂಗ್‌ಗೆ ಸೇರಬೇಕು. ಕೇಬಲ್‌ನ ಹೊರಜಾಲರಿಗೂ ಮನೆಯೊಳಗೆ ಬರೋ ಜಾಗದಲ್ಲೇ ಒಂದು ಅರ್ತಿಂಗ್ ಬ್ಲಾಕ್ ಹಾಕಿಸಿ, ಮತ್ತು ಇವೆಲ್ಲ ಮನೆಯ ವಿದ್ಯುತ್ ಅರ್ತಿಂಗ್‌ಗೇ ಕೂಡಿಕೊಂಡಿರಬೇಕು. ಬೇರೆಬೇರೆ ಗುಂಡಿ ತೋಡಿ ಪ್ರತ್ಯೇಕ ಬಿಡೋದು ತಪ್ಪು. ನೇರ ಹೊಡೆದ ಸಿಡಿಲನ್ನ ಇದ್ಯಾವುದೂ ತಡೆಯಲ್ಲ. ಹತ್ತಿರದಲ್ಲಿ ಬಿದ್ದಾಗ ಕೇಬಲ್‌ನಲ್ಲಿ ಏರೋ ವೋಲ್ಟೇಜ್‌ಗೆ ದಾರಿ ಮಾಡಿಕೊಡುತ್ತೆ, ಅಷ್ಟೆ. ಗುಡುಗು ಕೇಳಿಸೋಕೆ ಶುರುವಾದ ಮೇಲೆ ಕೇಬಲ್ ಕೀಳೋಕೆ ಹೋಗಬೇಡಿ, ಮೋಡ ಕವಿದಾಗಲೇ ಕಿತ್ತಿಡಿ. ಕಂಬ ಎತ್ತುವಾಗ ಕರೆಂಟು ತಂತಿ ಎಲ್ಲಿದೆ ನೋಡಿ: ಕಂಬ ಪೂರ್ತಿ ಉದ್ದಕ್ಕೆ ಅತ್ತ ಬಿದ್ದರೂ ತಂತಿಗೆ ತಾಗಬಾರದು, ಅಷ್ಟು ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ನೀವೇ ಎತ್ತೋಕೆ ಹೋಗದೆ ಕೆಲಸದವರನ್ನ ಕರೆಸಿ. ಕೂರಿಸಿದ ಮೇಲೆ ಎರಡೂ ಟಿವಿಯಲ್ಲಿ ಹೊಸದಾಗಿ ಸ್ಕ್ಯಾನ್ ಮಾಡೋದು ಮರೀಬೇಡಿ. ಹಳೇ ಪಟ್ಟಿಯಲ್ಲಿ ಹೊಸ ಚಾನೆಲ್ ತಾನಾಗಿ ಬಂದು ಕೂರಲ್ಲ.