ಹಂಬನ್‌ತೋಟ ಬಂದರು: ‘ಸಾಲದ ಬಲೆ’ ಎನ್ನುವುದು ಎಷ್ಟು ಸರಿ?

ಪ್ರಶ್ನೆ: ಚೀನಾ ಬೇಕೆಂದೇ ಬಡ ದೇಶಗಳಿಗೆ ತೀರಿಸಲಾಗದಷ್ಟು ಸಾಲ ಕೊಟ್ಟು, ಬಳಿಕ ಅವುಗಳ ಆಸ್ತಿಯನ್ನು ವಶಪಡಿಸಿಕೊಳ್ಳುತ್ತದೆ ಎಂಬ ವಾದಕ್ಕೆ ಶ್ರೀಲಂಕಾದ ಹಂಬನ್‌ತೋಟ ಬಂದರನ್ನೇ ಉದಾಹರಿಸುವುದುಂಟು. ಅಲ್ಲಿ ನಿಜಕ್ಕೂ ನಡೆದದ್ದೇನು ಎಂದು ತಿಳಿದವರು ವಿವರಿಸುವಿರಾ?

ಉತ್ತರ 1: ಸಾಲಕ್ಕೆ ಬದಲಾಗಿ ಬಂದರನ್ನು ಬಿಟ್ಟುಕೊಟ್ಟರು ಎಂಬ ಮಾತು ವಾಸ್ತವಕ್ಕೆ ಹೊಂದುವುದಿಲ್ಲ. 2017ರಲ್ಲಿ ಚೀನಾ ಸರ್ಕಾರಿ ಒಡೆತನದ ಚೀನಾ ಮರ್ಚೆಂಟ್ಸ್ ಸಮೂಹದ ಸಂಸ್ಥೆಯು ಸುಮಾರು 112 ಕೋಟಿ ಡಾಲರ್ ಕೊಟ್ಟು ಬಂದರನ್ನು 99 ವರ್ಷಗಳ ಗುತ್ತಿಗೆಗೆ ಪಡೆಯಿತು. ಆದರೆ ಅದರಿಂದ ಬಂದರಿನ ಸಾಲ ರದ್ದಾಗಲಿಲ್ಲ, ಹಣವು ಶ್ರೀಲಂಕಾದ ವಿದೇಶಿ ವಿನಿಮಯ ಸಂಗ್ರಹವನ್ನು ಬಲಪಡಿಸಲು ಒದಗಿತು. ಆಗ ಆ ದೇಶವನ್ನು ಹೆಚ್ಚು ಕಾಡುತ್ತಿದ್ದುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್‌ಗಳ ಮೂಲಕ ಎತ್ತಿದ ಸಾಲ.

ಉತ್ತರ 2: ಇದನ್ನು ಒಪ್ಪುತ್ತೇನೆ, ಆದರೆ ಇಷ್ಟರಿಂದಲೇ ಚೀನಾ ದೋಷಮುಕ್ತವಾಗುವುದಿಲ್ಲ. ಅದರ ಸಾಲದ ಒಪ್ಪಂದಗಳಲ್ಲಿ ಗೋಪ್ಯತೆಯ ಷರತ್ತುಗಳು ಹಲವು ಬಾರಿ ಕಂಡುಬಂದಿವೆ. ಸಾಲ ತೀರಿಸಬೇಕಾದ ಜನರಿಗೇ ಅದರ ನಿಬಂಧನೆಗಳು ತಿಳಿಯದಿರುವುದು ನನಗೆ ‘ಬಲೆ’ಯ ಆರೋಪಕ್ಕಿಂತಲೂ ಗಂಭೀರವಾಗಿ ಕಾಣುತ್ತದೆ.

ಉತ್ತರ 3: 99 ವರ್ಷ ಎಂಬ ಅವಧಿಯನ್ನೂ ಗಮನಿಸಬೇಕು. 1898ರಲ್ಲಿ ಬ್ರಿಟನ್ ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಪ್ರದೇಶವನ್ನು ಚೀನಾದಿಂದ ಇಷ್ಟೇ ಅವಧಿಗೆ ಪಡೆದಿತ್ತು, ಆ ಕಾಲವನ್ನು ಚೀನಾ ಇಂದಿಗೂ ರಾಷ್ಟ್ರೀಯ ಅವಮಾನವೆಂದೇ ನೆನೆಯುತ್ತದೆ. ಈ ಹೋಲಿಕೆ ಶ್ರೀಲಂಕಾದ ಜನರ ಕಣ್ಣಿಗೆ ಬೀಳದೆ ಇರಲಿಲ್ಲ.